‘ನೀವು’ ಎಂದ ಗೆಳೆಯನೊಡನೆ ಐದು ದಿನ

ಪರೀಕ್ಷೆಯಲ್ಲಿ ಕವಿರಾಜಮಾರ್ಗದ ಮೇಲೆ ಎರಡು ಸಲ ಹದಿನೈದು ಅಂಕದ ಉತ್ತರ ಬರೆದಿದ್ದೇನೆ. ಆ ಕೃತಿ ಹುಟ್ಟಿದ ಮಳಖೇಡವನ್ನು ಒಂದು ಸಲವೂ ನೋಡಿರಲಿಲ್ಲ. ಕಲಬುರಗಿಯ ನಮ್ಮ ವಸತಿನಿಲಯದಿಂದ ಅದು ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಇತಿಹಾಸ ಎಂ.ಎ. ಓದುವ ನನ್ನ ಕೊಠಡಿಯ ಗೆಳೆಯನ ಸ್ಥಿತಿಯೂ ಅಷ್ಟೇ. ಅಶೋಕನ ಶಾಸನಗಳ ಪಟ್ಟಿಯನ್ನು ಅವನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾನೆ, ಸನ್ನತಿಯ ಮುಖ ಕಂಡವನಲ್ಲ. ಸೆಮಿಸ್ಟರ್ ಮುಗಿದ ಮರುದಿನ ಇಬ್ಬರೂ ಒಂದೊಂದು ಚೀಲ ಹೆಗಲಿಗೇರಿಸಿದೆವು. ಐದು ದಿನ, ಎರಡು ಜಿಲ್ಲೆ. ಬಸ್ಸು, ರೈಲು, ಟಂಟಂ ಯಾವುದು ಸಿಕ್ಕರೆ ಅದು. ಅವನ ಚೀಲದಲ್ಲಿ ಬ್ರಾಹ್ಮೀ ಅಕ್ಷರಮಾಲೆಯ ಜೆರಾಕ್ಸ್ ಪ್ರತಿ ಇತ್ತು, ನನ್ನದರಲ್ಲಿ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಯಾವುದು ಹೆಚ್ಚು ಉಪಯೋಗಕ್ಕೆ ಬಂತೆಂದು ಹೇಳಿದರೆ ಇತಿಹಾಸ ವಿಭಾಗದವರು ನೊಂದುಕೊಂಡಾರು.

ಮೊದಲ ದಿನ: ಸನ್ನತಿ

ನಾಲವಾರದಲ್ಲಿ ರೈಲು ಇಳಿದಾಗ ಇನ್ನೂ ಚಳಿ ಬಿಟ್ಟಿರಲಿಲ್ಲ. ಡಿಸೆಂಬರಿನ ಕೊನೆ, ತೊಗರಿ ಕೊಯ್ಲಿನ ಕಾಲ. ಟಂಟಂನಲ್ಲಿ ನಮ್ಮ ಜೊತೆ ಹೊಲಕ್ಕೆ ಹೊರಟ ಹೆಂಗಸರು ಏಳು ಮಂದಿ, ಅವರ ಬುತ್ತಿಗಂಟುಗಳು, ಒಂದು ಕುಡುಗೋಲು ಸರಿಯಾಗಿ ನನ್ನ ಮೊಣಕಾಲಿನ ಪಕ್ಕ. ‘ಎಲ್ಲಿಗೆ ಹೊರಟಿದ್ದೀರಿ ತಮ್ಮಾ?’ ಎಂದು ಒಬ್ಬಾಕೆ ಕೇಳಿದಳು. ‘ಅಶೋಕನ ಕಲ್ಲು ನೋಡಲು’ ಎಂದ ನನ್ನ ಗೆಳೆಯ. ‘ಚಂದ್ರಲಾಂಬೆಗೆ’ ಎಂದೆ ನಾನು. ಎರಡೂ ಉತ್ತರ ಒಟ್ಟಿಗೇ ಹೊರಬಿದ್ದವು. ಆಕೆ ನಕ್ಕು, ‘ಎರಡೂ ಒಂದೇ ಕಡೆ ಇವೆ, ಇಳಿಯಿರಿ’ ಎಂದಳು.

ಸನ್ನತಿ ನನಗೆ ಹೊಸ ಊರಲ್ಲ. ಭೀಮೆಯ ದಡದ ಚಂದ್ರಲಾಂಬೆ ನಮ್ಮ ಮನೆದೇವರು. ಚಿಕ್ಕವನಿದ್ದಾಗ ಆಯಿಯ ಕೈ ಹಿಡಿದು ಬಂದಿದ್ದೇನೆ, ಜಾತ್ರೆಯಲ್ಲಿ ಒಮ್ಮೆ ಕಳೆದುಹೋಗಿಯೂ ಇದ್ದೇನೆ. ಆದರೆ ಇಲ್ಲಿ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಕಲ್ಲೊಂದಿದೆ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಆಯಿ ಮಾತ್ರ ಯಾವುದಾದರೂ ಹಳೆಯ ಸಂಗತಿಯ ಲೆಕ್ಕ ಹಿಡಿಯುವಾಗ ‘ಕಾಳಿಯ ಗುಡಿ ಬಿದ್ದ ವರ್ಷ’ ಎನ್ನುತ್ತಿದ್ದಳು. ಆ ವರ್ಷ ನಮ್ಮ ಕಾಕಾನ ಮದುವೆ, ಆ ವರ್ಷವೇ ಬಾವಿ ತೋಡಿಸಿದ್ದು. ಅದು 1986 ಎಂದು ನನಗೆ ತಿಳಿದದ್ದು ಪಠ್ಯಪುಸ್ತಕದಿಂದ. ಆ ವರ್ಷ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ವಿಗ್ರಹ ಒಡೆಯಿತು. ಅವಶೇಷ ತೆಗೆಯುವಾಗ ದೇವಿಯ ಪೀಠವಾಗಿದ್ದ ಹಾಸುಗಲ್ಲಿನ ಮೇಲೆ ಅಕ್ಷರಗಳು ಕಂಡವು. ಅವು ಬ್ರಾಹ್ಮಿಯಲ್ಲಿದ್ದವು, ಭಾಷೆ ಪ್ರಾಕೃತ, ಮಾತು ಅಶೋಕನದು. ಒಂದು ಮಗ್ಗುಲಲ್ಲಿ 12 ಮತ್ತು 14ನೆಯ ಬಂಡೆಗಲ್ಲು ಶಾಸನ, ಇನ್ನೊಂದು ಮಗ್ಗುಲಲ್ಲಿ ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಸಿಕ್ಕಂಥ ಎರಡು ಪ್ರತ್ಯೇಕ ಶಾಸನಗಳು. ‘ಎಲ್ಲ ಮನುಷ್ಯರೂ ನನ್ನ ಮಕ್ಕಳು’ ಎಂಬ ಮಾತು ಬರುವುದು ಆ ಪ್ರತ್ಯೇಕ ಶಾಸನಗಳಲ್ಲೇ.

ಕಲ್ಲಿನ ನಟ್ಟನಡುವೆ ಒಂದು ಚೌಕಾಕಾರದ ತೂತು. ವಿಗ್ರಹದ ಬುಡ ಕೂರಿಸಲು ಯಾವ ಕಾಲದಲ್ಲೋ ಕಲ್ಲುಕುಟಿಗನೊಬ್ಬ ಕೊರೆದದ್ದು. ಉಳಿ ಹೋದಲ್ಲೆಲ್ಲ ಅಕ್ಷರ ಹೋಗಿದೆ. ನನ್ನ ಗೆಳೆಯ ಜೆರಾಕ್ಸ್ ಹಾಳೆಯನ್ನು ಮಡಿಲಲ್ಲಿ ಹರಡಿಕೊಂಡು ತೂತಿನ ಅಂಚಿನ ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಪದವೊಂದು ಅರ್ಧಕ್ಕೆ ಬಂದು ತೂತಿನೊಳಗೆ ಬೀಳುತ್ತಿತ್ತು, ಆಚೆ ದಡದಲ್ಲಿ ಅದರ ಬಾಲ ಸಿಕ್ಕುತ್ತಿತ್ತು. ತಲೆಯ ಮೇಲೆ ಒಂದು ಗುಬ್ಬಿ ಗಲಾಟೆ ಮಾಡುತ್ತಿತ್ತು. ಅರ್ಧ ಗಂಟೆಯಲ್ಲಿ ಅವನು ಬಿಡಿಸಿದ್ದು ಒಂದೂವರೆ ಸಾಲು. ಅಷ್ಟು ನಿಧಾನವಾಗಿ ನಾನು ಯಾವ ಪುಸ್ತಕವನ್ನೂ ಓದಿಲ್ಲ.

12ನೆಯ ಶಾಸನ ಹೇಳುವುದು ಮತಗಳ ನಡುವಿನ ನಡವಳಿಕೆಯನ್ನು. ಇದೇ ಶಾಸನದ, ಗುಜರಾತಿನ ಗಿರ್ನಾರಿನ ಬಂಡೆಯ ಮೇಲಿರುವ ಪಾಠ ಹೆಚ್ಚು ಸುಸ್ಥಿತಿಯಲ್ಲಿರುವುದರಿಂದ ಅದನ್ನೇ ಫೋನಿನಲ್ಲಿ ಇಟ್ಟುಕೊಂಡು ಬಂದಿದ್ದೆವು. ರಾಜನಿಗೆ ದಾನವಾಗಲಿ ಪೂಜೆಯಾಗಲಿ ದೊಡ್ಡದಲ್ಲವಂತೆ. ಎಲ್ಲ ಮತಗಳಲ್ಲೂ ‘ಸಾರ’ ಬೆಳೆಯುವುದು ದೊಡ್ಡದು. ಆ ಸಾರದ ಬೇರು ಯಾವುದು? ಭಕ್ತಿಯಲ್ಲ, ಜ್ಞಾನವಲ್ಲ: ‘ವಚಿಗುತೀ’, ನಾಲಿಗೆಯ ಹಿಡಿತ. ತನ್ನ ಮತವನ್ನು ಹೊಗಳುವುದು, ಪರರ ಮತವನ್ನು ಹಳಿಯುವುದು ಸಂದರ್ಭವಿಲ್ಲದೆ ಕೂಡದು. ಸಂದರ್ಭ ಬಂದಾಗಲೂ ಹಗುರವಾಗಿ. ತನ್ನದರ ಮೇಲಿನ ಮೋಹದಿಂದ ಪರರದನ್ನು ಹಳಿಯುವವನು ತನ್ನದಕ್ಕೇ ಹೆಚ್ಚಿನ ಪೆಟ್ಟು ಕೊಡುತ್ತಾನೆ. ‘ಸಮವಾಯೋ ಏವ ಸಾಧು’, ಕೂಡಿರುವುದೇ ಒಳ್ಳೆಯದು. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು. ಇಲ್ಲಿ ‘ಮತ’ ಎಂಬುದಕ್ಕೆ ಅಶೋಕ ಬಳಸುವ ಶಬ್ದ ‘ಪಾಸಂಡ’. ಅವನ ಬಾಯಲ್ಲಿ ಅದು ಬೈಗುಳವಲ್ಲ, ಎಲ್ಲರಿಗೂ ಸಲ್ಲುವ ಹೆಸರು. ಮುಂದೆ ಅದೇ ಶಬ್ದ ‘ಪಾಷಂಡಿ’ಯಾಗಿ ನಮ್ಮ ನಿಘಂಟು ಸೇರಿತು. ಇಂಥ ಶಾಸನದ ಶಬ್ದಕ್ಕೇ ಇಂಥ ಗತಿ ಬಂತಲ್ಲ ಎಂದು ನಾವಿಬ್ಬರೂ ನಕ್ಕೆವು. ಆ ದಿನ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಏಕೆಂದರೆ ಎದ್ದು ಹೊರಡುವಾಗ ನಾನು, ತುಂಬ ಜಾಣತನದ ಮಾತೆಂದು ತಿಳಿದು, ಹೀಗೆಂದೆ: ‘ನೋಡು, ಅಂತೂ ನಮ್ಮ ದೇವಿಯೇ ನಿಮ್ಮ ಅಶೋಕನನ್ನು ಇಷ್ಟು ವರ್ಷ ಕಾಪಾಡಿದಳು.’

ಅವನು ಚೀಲದ ಜಿಪ್ ಎಳೆಯುತ್ತಿದ್ದವನು ನಿಲ್ಲಿಸಿದ. ‘ಕಾಪಾಡಿದಳೋ, ಮೇಲೆ ಕುಳಿತಳೋ?’

ಅವನ ಮನೆಯ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಚಿತ್ರಗಳಿವೆ. ಅವನ ಅಪ್ಪ ದೀಕ್ಷೆ ತೆಗೆದುಕೊಂಡವರು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆ ಮನೆಯಲ್ಲಿ ಎಷ್ಟೋ ಸಲ ಪುಂಡಿ ಪಲ್ಲೆ, ರೊಟ್ಟಿ ಉಂಡಿದ್ದೇನೆ. ಆಗ ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಆದರೆ ‘ನಿಮಗೆ ಎಲ್ಲದರಲ್ಲೂ ಜಗಳವೇ ಕಾಣುತ್ತದೆ’ ಎಂದುಬಿಟ್ಟೆ. ನಾಲ್ಕು ವರ್ಷದಿಂದ ಏಕವಚನದ ಗೆಳೆತನ ನಮ್ಮದು. ‘ನಿನಗೆ’ ಎಂದಿದ್ದರೆ ಅದು ಅವನೊಬ್ಬನ ಮೇಲಿನ ಸಿಡುಕು. ‘ನಿಮಗೆ’ ಎಂದಾಗ ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದು ಕನ್ನಡ ಬಲ್ಲ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗೌರವಕ್ಕೆಂದು ಇಟ್ಟುಕೊಂಡ ಬಹುವಚನ ಜಾಗ ತಪ್ಪಿದರೆ ಬೇಲಿಯಾಗುತ್ತದೆ. ವಚಿಗುತೀ ಎಂದು ಮುಗಿಸಿ ಐದು ನಿಮಿಷವೂ ಆಗಿರಲಿಲ್ಲ.

ಮಧ್ಯಾಹ್ನ ಕನಗನಹಳ್ಳಿಯ ಸ್ತೂಪಕ್ಕೆ ಹತ್ತಿರದ ದಾರಿಯನ್ನು ಮಾತಿಲ್ಲದೆ ನಡೆದೆವು. 1990ರ ದಶಕದಲ್ಲಿ ಉತ್ಖನನ ಶುರುವಾದಾಗ ಹೊರಬಂದದ್ದು ಶಾತವಾಹನರ ಕಾಲದ ಮಹಾಸ್ತೂಪ. ಶಾಸನಗಳು ಅದನ್ನು ‘ಅಧೋಲೋಕ ಮಹಾಚೈತ್ಯ’ ಎನ್ನುತ್ತವೆ. ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಜಾತಕ ಕಥೆಗಳು, ಬುದ್ಧನ ಬದುಕು, ಜೊತೆಗೆ ಹೆಸರು ಕೆತ್ತಿದ ರಾಜರು. ಸಿಮುಕ, ಸಾತಕರ್ಣಿ, ಪುಳುಮಾವಿ. ಪಠ್ಯಪುಸ್ತಕದಲ್ಲಿ ಹೆಸರಾಗಿ ಮಾತ್ರ ಇದ್ದವರಿಗೆ ಇಲ್ಲಿ ಮೂಗು, ಕಿವಿಯೋಲೆ, ಹೊಟ್ಟೆ. ಇಲ್ಲಿನ ಹಳ್ಳಿಯ ಮನೆಗಳಿಗೆ ಹೊದಿಸುವ ಫರಸಿಯನ್ನು ಕಂಡವರಿಗೆ ಈ ಚಪ್ಪಡಿಗಳ ನೆಂಟಸ್ತಿಕೆ ಗುರುತಾಗದೆ ಇರದು.

ಎಲ್ಲಕ್ಕಿಂತ ಹೆಸರಾದ ಚಪ್ಪಡಿಯಲ್ಲಿ ರಾಜನೊಬ್ಬ ರಾಣಿಯ ಜೊತೆ ನಿಂತಿದ್ದಾನೆ. ಪರಿವಾರದ ಹೆಂಗಸರ ಕೈಯಲ್ಲಿ ಕೊಡೆ, ಚಾಮರ. ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’. ಹೆಸರಿನ ಸಮೇತ ಅಶೋಕನ ರೂಪ ಸಿಕ್ಕಿದ ಅಪರೂಪದ ಜಾಗ ಇದು. ಅಶೋಕ ತೀರಿ ಎರಡು ಮೂರು ಶತಮಾನ ಕಳೆದ ಮೇಲೆ ಕೆತ್ತಿದ್ದು, ಹಾಗಾಗಿ ಮುಖ ಅವನದೇ ಎಂದು ನಂಬಬೇಕಿಲ್ಲ. ಇದನ್ನು ಎಂದಿನಂತೆ ನನ್ನ ಗೆಳೆಯನೇ ಹೇಳಬೇಕಾಗಿತ್ತು. ಅವನು ಹೇಳಲಿಲ್ಲ. ಚಪ್ಪಲಿ ಬಿಟ್ಟು, ಕೈ ಜೋಡಿಸಿ ಬಹಳ ಹೊತ್ತು ನಿಂತ. ನಾನು ತಾಣ ನೋಡಲು ಬಂದಿದ್ದೆ. ಅವನು ಯಾತ್ರೆಗೆ ಬಂದಿದ್ದ. ಬೆಳಗ್ಗೆ ಟಂಟಂನಲ್ಲಿ ಅದು ಅದಲುಬದಲಾಗಿ ಕೇಳಿಸಿತ್ತು.

ಎರಡನೆಯ ದಿನ: ನಾಗಾವಿ, ಮಳಖೇಡ

ಬೆಳಗ್ಗೆ ಚಿತ್ತಾಪುರದ ಬಸ್ ನಿಲ್ದಾಣದ ಪಕ್ಕ ಸುಸಲಾ, ಮಿರ್ಚಿ. ‘ನೀವು ಚಹಾ ಕುಡಿಯುತ್ತೀರಾ?’ ಎಂದು ಯಾರೋ ಕೇಳಿದರು. ತಿರುಗಿ ನೋಡಿದರೆ ಅವನೇ. ಮುಖದಲ್ಲಿ ಕೋಪವಿಲ್ಲ, ನಗುವೂ ಇಲ್ಲ. ಬ್ಯಾಂಕಿನ ಗುಮಾಸ್ತನ ಮರ್ಯಾದೆ. ನಾನು ‘ಕುಡಿಯುತ್ತೇನೆ’ ಎಂದೆ. ಮತ್ತೇನು ಹೇಳಲಿ?

ನಾಗಾವಿ ಚಿತ್ತಾಪುರಕ್ಕೆ ಅಂಟಿಕೊಂಡಂತೆಯೇ ಇದೆ. ಎಲ್ಲಮ್ಮನ ಗುಡಿಗೆ ಬರುವ ಜನ ಬಹಳ, ಅರವತ್ತು ಕಂಬದ ಗುಡಿಯ ಕಡೆ ತಿರುಗುವವರು ಕಡಿಮೆ. ಇಲ್ಲೊಂದು ಘಟಿಕಾಸ್ಥಾನವಿತ್ತು, ಈಗಿನ ಮಾತಿನಲ್ಲಿ ವಿಶ್ವವಿದ್ಯಾಲಯ. 1058ರ ಶಾಸನ, ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ್ದು, ಲೆಕ್ಕಪತ್ರದಂತೆ ಎಲ್ಲವನ್ನೂ ಬರೆದಿಟ್ಟಿದೆ. ವೇದ ಓದುವವರು 200, ಶಾಸ್ತ್ರ ಓದುವವರು 50, ಅವರಿಗೆ ಉಪಾಧ್ಯಾಯರು, ಅವರೊಡನೆ ಆರು ಮಂದಿ ‘ಸರಸ್ವತೀ ಭಂಡಾರಿಗರು’. ಎಂದರೆ ಗ್ರಂಥಪಾಲಕರು. ಇನ್ನೂರೈವತ್ತು ವಿದ್ಯಾರ್ಥಿಗಳಿಗೆ ಆರು ಗ್ರಂಥಪಾಲಕರು! ನಾನು ಓದಿದ ಒಂದು ಕಾಲೇಜಿನಲ್ಲಿ ಗ್ರಂಥಾಲಯದ ಕೀಲಿಕೈ ಇದ್ದವರು ರಜೆಯಲ್ಲಿದ್ದರೆ ಸರಸ್ವತಿಯೂ ರಜೆಯಲ್ಲಿರುತ್ತಿದ್ದಳು. ಬೇರೆ ದಿನವಾಗಿದ್ದರೆ ಈ ಮಾತಿಗೆ ಅವನು ನಗುತ್ತಿದ್ದ. ‘ನೀವು ಹೇಳುವುದು ಸರಿ’ ಎಂದ.

ಮಳಖೇಡಕ್ಕೆ ಬಂದಾಗ ಮಧ್ಯಾಹ್ನ ಮೂರು. ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು, ಹತ್ತಿರದಲ್ಲಿ ಕಾಗಿಣಾ ನದಿ, ದಡದ ಮೇಲೆ ಕೋಟೆಯ ಗೋಡೆ. ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಇಲ್ಲಿಂದ ಆಳಿದ. ಇಲ್ಲಿಯ ರಾಜರನ್ನು ಅರಬ್ ಬರಹಗಾರರು ‘ಬಲ್ಹರಾ’ ಎಂದು ಕರೆದು ಜಗತ್ತಿನ ನಾಲ್ಕು ದೊಡ್ಡ ರಾಜರ ಸಾಲಿನಲ್ಲಿ ಇಟ್ಟರು. ಮಹಾವೀರಾಚಾರ್ಯನ ಗಣಿತಸಾರಸಂಗ್ರಹ ಆ ಕಾಲದ್ದು, ಆದಿಪುರಾಣದ ಜಿನಸೇನಾಚಾರ್ಯರು ಅಮೋಘವರ್ಷನ ಗುರು, ಕವಿರಾಜಮಾರ್ಗದ ಶ್ರೀವಿಜಯ ಅವನ ಆಸ್ಥಾನದವನು. ಇಷ್ಟೆಲ್ಲ ನಡೆದ ಊರಿನಲ್ಲಿ ಈಗ ಕೋಟೆಯೊಳಗೆ ಮನೆಗಳಿವೆ. ಬುರುಜಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಹಾಕಿದ್ದಾರೆ, ಆಡೊಂದು ರಾಷ್ಟ್ರಕೂಟರ ಗೋಡೆಯ ಬಿರುಕಿನ ಹುಲ್ಲು ಮೇಯುತ್ತಿದೆ. ನನಗೇನೂ ಬೇಸರವಾಗಲಿಲ್ಲ. ಖಾಲಿ ಬಿದ್ದ ಕೋಟೆಗಿಂತ ಬಟ್ಟೆ ಒಣಗುವ ಕೋಟೆ ಮೇಲು.

972ರಲ್ಲಿ ಪರಮಾರರ ಸೀಯಕ ಧಾರೆಯಿಂದ ಬಂದು ಈ ನಗರವನ್ನು ಸುಟ್ಟ. ಆಗ ಇಲ್ಲಿ ಪುಷ್ಪದಂತನೆಂಬ ಕವಿಯಿದ್ದ, ಅಪಭ್ರಂಶದಲ್ಲಿ ಮಹಾಪುರಾಣ ಬರೆದವನು. ಅವನ ಕಾವ್ಯದ ಹಸ್ತಪ್ರತಿಗಳಲ್ಲಿ ಒಂದು ಸಂಸ್ಕೃತ ಪದ್ಯವಿದೆ. ದೀನರಿಗೂ ಅನಾಥರಿಗೂ ಆಸರೆಯಾಗಿದ್ದ ಮಾನ್ಯಖೇಟ ಧಾರೆಯ ದೊರೆಯ ಕೋಪದ ಬೆಂಕಿಯಲ್ಲಿ ಬೆಂದಿತು, ಇನ್ನು ಪುಷ್ಪದಂತ ಎಲ್ಲಿ ಹೋಗಿ ವಾಸಮಾಡಬೇಕು ಎಂದು ಅದು ಕೇಳುತ್ತದೆ. ಸುಟ್ಟ ಊರಿನ ಬಗ್ಗೆ ಎಷ್ಟೋ ಶಾಸನಗಳಿವೆ, ಸುಟ್ಟವರು ಕೆತ್ತಿಸಿದವು. ಬಾಡಿಗೆ ಮನೆ ಕಳೆದುಕೊಂಡವನ ಹಾಗೆ ‘ನಾನೀಗ ಎಲ್ಲಿರಲಿ’ ಎಂದು ಕೇಳಿದವನು ನನಗೆ ಇವನೊಬ್ಬನೇ ಸಿಕ್ಕಿದ್ದಾನೆ.

ನೇಮಿನಾಥ ಬಸದಿ ಚಿಕ್ಕದು, ತಂಪು. ಒಳಗೆ ಲೋಹದ ಒಂದು ಪುಟ್ಟ ಗುಡಿಯಿದೆ, ಅದರ ತುಂಬ 96 ಜಿನಬಿಂಬಗಳು. ಎಣಿಸಲು ಹೋದೆ, ನಲವತ್ತರ ಆಚೆ ಎಲ್ಲಿದ್ದೆನೆಂದು ಮರೆತೆ. ಅಲ್ಲಿ ಕುಳಿತಾಗ ಹೊಳೆದದ್ದು: ಜೈನರ ಮೂರು ಗುಪ್ತಿಗಳಲ್ಲಿ, ಎಂದರೆ ಹಿಡಿತಗಳಲ್ಲಿ, ಎರಡನೆಯದು ವಚನಗುಪ್ತಿ. ಅಶೋಕನ ‘ವಚಿಗುತೀ’ಯೂ ಅದೇ ಧಾತುವಿನಿಂದ ಬಂದದ್ದು. ನಿನ್ನೆಯ ಕಲ್ಲಿನ ಮಾತು ಇಲ್ಲಿ ಬಸದಿಯ ಕಂಬಕ್ಕೆ ಒರಗಿ ಕುಳಿತಿತ್ತು. ಹೊರಗೆ ಹೇಳಿಕೊಳ್ಳಲು ಗೆಳೆಯನಿದ್ದ, ಆದರೆ ಗುಪ್ತಿಯ ಬಗ್ಗೆ ಬಾಯಿ ತೆರೆಯುವ ಧೈರ್ಯ ನನಗಿರಲಿಲ್ಲ. ಈ ಊರಲ್ಲೇ ಮಾಧ್ವರು ಜಯತೀರ್ಥರಿಗೆ ನಮಸ್ಕರಿಸಲು ಬರುವ ವೃಂದಾವನವೂ ಇದೆ. ಕಾಗಿಣಾದ ಒಂದೇ ದಡದಲ್ಲಿ ಎಷ್ಟೊಂದು ಜನ ತಮ್ಮ ತಮ್ಮ ಕಾರಣಕ್ಕೆ ಕಾಲು ತೊಳೆದಿದ್ದಾರೆ.

ಕವಿರಾಜಮಾರ್ಗದ ‘ಕಾವೇರಿಯಿಂದಮಾ ಗೋದಾವರಿವರಮಿರ್ದ ನಾಡದಾ ಕನ್ನಡದೊಳ್’ ಎಂಬುದು ಎಲ್ಲರಿಗೂ ಗೊತ್ತು, ಭಾಷಣಕಾರರು ಸವೆಸಿದ್ದಾರೆ. ಅದರ ಬೆನ್ನಿಗೇ ಬರುವ ಇನ್ನೊಂದು ಸಂಗತಿಯನ್ನು ನಮ್ಮ ಭಾಗದವರು ಹೆಚ್ಚು ಯೋಚಿಸಬೇಕು. ಕನ್ನಡದ ತಿರುಳು ಯಾವ ಸೀಮೆಯದು ಎಂದು ಹೇಳುವಾಗ ಕವಿ ಎಣಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು. ಮಾನ್ಯಖೇಟ ಆ ಪಟ್ಟಿಯಲ್ಲಿ ಇಲ್ಲ! ರಾಜಧಾನಿಯಲ್ಲಿ ಕುಳಿತು ಬರೆದವನು ರಾಜಧಾನಿಯ ಮಾತನ್ನೇ ಮೇಲೆಂದು ಹೇಳಲಿಲ್ಲ. ಬೇರೆ ಊರಿಗೆ ಹೋದಾಗ ನಮ್ಮ ಕನ್ನಡ ಕೇಳಿ ನಕ್ಕವರು ನೆನಪಾಗಿ ನನಗೆ ಸ್ವಲ್ಪ ಸಮಾಧಾನವಾಯಿತು, ಸ್ವಲ್ಪ ಅಸಮಾಧಾನವೂ.

ನದಿಯ ಮೆಟ್ಟಿಲ ಮೇಲೆ ಕುಳಿತಾಗ ಅವನು ಕೇಳಿದ: ‘ನೀವು ಆ ಇನ್ನೊಂದು ಪದ್ಯ ಓದಿ.’ ಯಾವುದೆಂದು ಗೊತ್ತಾಯಿತು. ‘ಕಸವರಮೆಂಬುದು ನೆರೆ ಸೈರಿಸಲಾರ್ಪೊಡೆ ಪರವಿಚಾರಮುಮಂ ಪರಧರ್ಮಮುಮಂ.’ ಕಸವರ ಎಂದರೆ ಹೊನ್ನು, ಸಂಪತ್ತು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಚೆನ್ನಾಗಿ ಸೈರಿಸಬಲ್ಲೆವಾದರೆ ಅದೇ ಸಂಪತ್ತು. ಶಬ್ದದೊಳಗೇ ‘ಕಸ’ ಇದೆ ಎಂಬುದನ್ನು ಗಮನಿಸಬೇಕು. ಒಂದು ‘ವರ’ ಬಿದ್ದುಹೋದರೆ ಉಳಿಯುವುದು ಗುಡಿಸಿ ಹಾಕುವ ವಸ್ತು. ‘ಸೈರಿಸು’ ಕೂಡ ಸುಲಭದ ಶಬ್ದವಲ್ಲ. ಅದರಲ್ಲಿ ನೋವು ತಡೆದುಕೊಳ್ಳುವುದೂ ಇದೆ. ಓದಿ ಮುಗಿಸಿ ಅವನ ಕಡೆ ನೋಡಿದೆ. ‘ಪರೀಕ್ಷೆಯಲ್ಲಿ ಇದಕ್ಕೆ ಎಷ್ಟು ಅಂಕ ಬಂದವು ನಿಮಗೆ?’ ಎಂದ.

ಹದಿಮೂರು. ಹೇಳಲಿಲ್ಲ.

ಆ ನದಿಯ ನೀರು ಶಹಾಬಾದಿನ ಹತ್ತಿರ ಭೀಮೆಗೆ ಸೇರಿ, ಕೆಳಗೆ ಸನ್ನತಿಯನ್ನು ಹಾದು ಹೋಗುತ್ತದೆ. ಅಶೋಕನ ಕಲ್ಲಿಗೂ ಈ ಪದ್ಯಕ್ಕೂ ನಡುವೆ ಸಾವಿರದ ನೂರು ವರ್ಷ. ಶ್ರೀವಿಜಯನ ಕಾಲಕ್ಕೆ ಅಶೋಕನ ಲಿಪಿಯನ್ನು ಓದಬಲ್ಲವರು ಇದ್ದರೆಂದು ನಂಬುವುದು ಕಷ್ಟ. ಹಾಗಾಗಿ ಇವನು ಅವನಿಂದ ಕಲಿತನೆಂದು ಹೇಳಲು ನಾನು ಸಿದ್ಧನಿಲ್ಲ. ಒಂದೇ ನೀರು ಕುಡಿದ ಎರಡು ಕಾಲದ ಜನ ಒಂದೇ ಜಾಗದಲ್ಲಿ ಮುಗ್ಗರಿಸಿರಬೇಕು, ಅದಕ್ಕೇ ಒಂದೇ ಎಚ್ಚರಿಕೆ ಬರೆದಿಟ್ಟರು ಎಂದುಕೊಳ್ಳುತ್ತೇನೆ. ಜಗಳವೇ ಇಲ್ಲದ ಊರಿನಲ್ಲಿ ‘ಜಗಳಾಡಬೇಡಿ’ ಎಂದು ಯಾರು ಕಲ್ಲಿನಲ್ಲಿ ಕೆತ್ತಿಸುತ್ತಾರೆ?

ಬಸ್ ಕಾಯುವಾಗ ಚಹಾದಂಗಡಿಯವನ ಹಾಲು ಒಡೆಯಿತು. ಸಂಸ್ಕೃತ ಮತ್ತು ಕನ್ನಡವನ್ನು ಹದವಿಲ್ಲದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಕವಿರಾಜಮಾರ್ಗ ಹೇಳುತ್ತದೆ. ಕೆಟ್ಟದ್ದು ಒಂದು ಹನಿ, ಹಾಳಾದದ್ದು ಪಾತ್ರೆಯೆಲ್ಲ. ಅಂಗಡಿಯವನು ಬೈದುಕೊಳ್ಳುತ್ತ ಪಾತ್ರೆಯನ್ನು ಚರಂಡಿಗೆ ಸುರಿದ.

ಮೂರನೆಯ ದಿನ: ಬಸವಕಲ್ಯಾಣ

ರಾತ್ರಿ ಕಲಬುರಗಿಯಲ್ಲಿ ಮಲಗಿ, ಬೆಳಗ್ಗೆ ಹುಮನಾಬಾದ್ ಮೇಲೆ ಹಾದು ಬಸವಕಲ್ಯಾಣ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಇಲ್ಲಿಂದ ಆಳಿದ. ಕಾಶ್ಮೀರದ ಬಿಲ್ಹಣ ಬಂದು ಅವನ ಮೇಲೆ ಮಹಾಕಾವ್ಯ ಬರೆದ, ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಮುಂದೆ ಇಂಗ್ಲಿಷರ ನ್ಯಾಯಾಲಯಗಳಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಅದೇ ಆಧಾರವಾಯಿತು. ನಮ್ಮ ಕಾಕಾ ಮತ್ತು ಅಪ್ಪನ ನಡುವಿನ ಹೊಲದ ತಕರಾರಿನ ಬೇರೂ ಹುಡುಕಿದರೆ ಇಲ್ಲಿಗೇ ಬಂದೀತು. ಆದರೆ ಜನ ಕಲ್ಯಾಣಕ್ಕೆ ಬರುವುದು ಇವರಿಗಾಗಿ ಅಲ್ಲ. 108 ಅಡಿಯ ಬಸವಣ್ಣನ ಪ್ರತಿಮೆಯ ಕೆಳಗೆ ಶಾಲಾ ಪ್ರವಾಸದ ಮಕ್ಕಳು ಸಾಲಾಗಿ ನಿಂತಿದ್ದರು. ಅಕ್ಕನಾಗಮ್ಮನ ಗವಿ ನೋಡಿದೆವು, ನುಲಿಯ ಚಂದಯ್ಯನ ಗವಿ ನೋಡಿದೆವು, ತ್ರಿಪುರಾಂತ ಕೆರೆಯ ದಂಡೆಯಲ್ಲಿ ಕುಳಿತೆವು.

ಅಲ್ಲಿ ನನಗೊಂದು ತೊಡಕು ಎದುರಾಯಿತು. ‘ಕಲ್ಲ ನಾಗರ ಕಂಡರೆ ಹಾಲನೆರೆಯೆಂಬರು, ದಿಟದ ನಾಗರ ಕಂಡರೆ ಕೊಲ್ಲೆಂಬರಯ್ಯಾ’ ಎಂದವನು ಬಸವಣ್ಣ. ಇದು ಪರರ ಆಚರಣೆಯನ್ನು ಹಳಿಯುವುದಲ್ಲದೆ ಇನ್ನೇನು? ಅಶೋಕನ 12ನೆಯ ಶಾಸನ ಹಿಡಿದು ಅಳೆದರೆ ಬಸವಣ್ಣ ತಪ್ಪಿತಸ್ಥನೇ? ಆದರೆ ಶಾಸನದಲ್ಲಿ ಒಂದು ಶಬ್ದವಿದೆ, ‘ಅಪ್ರಕರಣ’. ಸಂದರ್ಭವಿಲ್ಲದೆ ಹಳಿಯಬಾರದು. ಸಂದರ್ಭ ಇದ್ದವನಿಗೆ ದಾರಿ ತೆರೆದೇ ಇದೆ. ಸಮಗಾರ ಹರಳಯ್ಯನ ಮನೆಯ ಹುಡುಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಅವರ ಅಪ್ಪಂದಿರನ್ನು ಕೊಲ್ಲಿಸಿದ ಊರು ಇದು ಎಂದು ಶರಣರ ಕಥನಗಳು ಹೇಳುತ್ತವೆ. ಅಂಥಲ್ಲಿ ಸಂದರ್ಭ ಎಲ್ಲಿಂದಲೋ ಹುಡುಕಿ ತರಬೇಕಾಗಿರಲಿಲ್ಲ. ನಾಲಿಗೆಯ ಹಿಡಿತ ಎಂದರೆ ಬಾಯಿ ಮುಚ್ಚುವುದಲ್ಲ. ‘ನುಡಿದರೆ ಮುತ್ತಿನ ಹಾರದಂತಿರಬೇಕು, ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು, ನುಡಿದರೆ ಸ್ಫಟಿಕದ ಶಲಾಕೆಯಂತಿರಬೇಕು.’ ಹಾರ, ದೀಪ್ತಿ ಸರಿ. ಶಲಾಕೆ ಮಾತ್ರ ಚುಚ್ಚುವ ವಸ್ತು. ಆದರೆ ಪಾರದರ್ಶಕ, ನೇರ. ಎಲ್ಲಿ ಚುಚ್ಚುತ್ತಿದೆ ಎಂದು ಚುಚ್ಚುವವನಿಗೂ ಕಾಣುತ್ತದೆ. ಗೆಳೆಯ ಸನ್ನತಿಯಲ್ಲಿ ‘ಕಾಪಾಡಿದಳೋ, ಮೇಲೆ ಕುಳಿತಳೋ’ ಎಂದದ್ದು ಶಲಾಕೆ. ಅವನಿಗೆ ಪ್ರಕರಣವಿತ್ತು. ನನ್ನ ‘ನಿಮ್ಮ’, ‘ನಿಮಗೆ’ಗಳಿಗೆ ಯಾವ ಪ್ರಕರಣವಿತ್ತು? ಕೆತ್ತಿದ ಅಕ್ಷರಗಳ ನಡುವೆ ಕೊರೆದ ತೂತನ್ನು ಕಣ್ಣಾರೆ ಕಂಡು ಬಂದವನು, ಅದನ್ನು ದೇವಿಯ ಉಪಕಾರವೆಂದು ಬಣ್ಣಿಸಿದ್ದೆ.

‘ಸನ್ನತಿಯಲ್ಲಿ ನಾನು ಆಡಿದ ಮಾತು’ ಎಂದು ಶುರುಮಾಡಿದೆ. ಕೆರೆಯಲ್ಲಿ ಒಂದು ಮಿಂಚುಳ್ಳಿ ಮುಳುಗಿ ಎದ್ದಿತು, ಬಾಯಲ್ಲಿ ಏನೂ ಇರಲಿಲ್ಲ.

‘ಬಿಡಿ’ ಎಂದ. ಬಿಡು ಎನ್ನಲಿಲ್ಲ.

ನಾಲ್ಕನೆಯ ದಿನ: ಜಲಸಂಗವಿ

ಬಸ್ಸು ತಪ್ಪಿ ಅರ್ಧ ದಿನ ಹುಮನಾಬಾದಿನಲ್ಲೇ ಕಳೆಯಿತು. ಬರೆಯುವಂಥದ್ದು ಏನೂ ಇಲ್ಲ. ಸಂಜೆಯ ಬಿಸಿಲಿನಲ್ಲಿ ಜಲಸಂಗವಿ ಮುಟ್ಟಿದೆವು. ಚಾಲುಕ್ಯರ ಕಾಲದ ಶಿವಾಲಯ. ಹೊರಗೋಡೆಯ ಸುತ್ತ ಶಿಲಾಬಾಲಿಕೆಯರು, ಕನ್ನಡಿ ಹಿಡಿದವಳು, ಕಾಲಿನ ಮುಳ್ಳು ತೆಗೆಯುವವಳು, ಹೀಗೆ. ಅವರ ನಡುವೆ ಒಬ್ಬಳು ಮಾತ್ರ ಯಾರಿಗೂ ಮೈ ತೋರಿಸಲು ನಿಂತಿಲ್ಲ. ಗೋಡೆಯ ಕಡೆ ತಿರುಗಿ, ತೋಳೆತ್ತಿ, ಕಲ್ಲಿನ ಫಲಕದ ಮೇಲೆ ಬರೆಯುತ್ತಿದ್ದಾಳೆ. ಬರೆದದ್ದೂ ಇದೆ, ಓದಬಹುದು: ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಸಾಲುಗಳು. ಜಡೆ ಬೆನ್ನ ಮೇಲೆ, ಸೊಂಟ ಒಂದು ಕಡೆಗೆ ವಾಲಿದೆ, ಎಲ್ಲ ಬಲವೂ ಬೆರಳ ತುದಿಗೆ ಹೋಗಿದೆ. ರಾಜನನ್ನು ಹೊಗಳಿದ ಕವಿಯ ಹೆಸರು ಅಲ್ಲಿಲ್ಲ, ಕೆತ್ತಿದವನ ಹೆಸರೂ ನನಗೆ ಕಾಣಲಿಲ್ಲ. ಒಂಬೈನೂರು ವರ್ಷದಿಂದ ಉತ್ತರಪತ್ರಿಕೆ ಮುಗಿಸದೆ ಬರೆಯುತ್ತಲೇ ಇರುವವಳು ಇವಳು.

‘ಕನ್ನಡ ವಿಭಾಗವೋ, ಇತಿಹಾಸ ವಿಭಾಗವೋ?’ ಎಂದ ಗೆಳೆಯ, ಅವಳನ್ನು ತೋರಿಸಿ.

‘ಬೆನ್ನು ತಿರುಗಿಸಿ ನಿಂತಿರುವುದನ್ನು ನೋಡಿದರೆ ಇತಿಹಾಸ’ ಎಂದೆ.

ನಗಲಿಲ್ಲ. ಆದರೆ ಬೀದರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗವನ್ನು ನನಗೆ ಬಿಟ್ಟುಕೊಟ್ಟ.

ಐದನೆಯ ದಿನ: ಬೀದರ, ಅಷ್ಟೂರು

ಬೆಳಗ್ಗೆ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗಾವಾನನ ಮದರಸಾ. 1472ರಲ್ಲಿ ಮುಗಿದದ್ದು; ಮುಂಭಾಗದ ಅರ್ಧ 1696ರ ಸ್ಫೋಟದಲ್ಲಿ ಹೋಯಿತು. ಉಳಿದ ಒಂದು ಮಿನಾರಿನ ಮೇಲೆ ನೀಲಿ ಹೆಂಚುಗಳು ಅಲ್ಲಲ್ಲಿ ಹತ್ತಿಕೊಂಡಿವೆ, ಹಳೆಯ ಗೋಡೆಗೆ ಯಾರೋ ಆಕಾಶದ ತುಂಡು ಅಂಟಿಸಿದ ಹಾಗೆ. ಗಾವಾನ್ ಪತ್ರ ಬರೆಯುವುದರಲ್ಲಿ ಗಟ್ಟಿಗ. ಅವನ ಪಾರಸಿ ಪತ್ರಗಳ ಸಂಗ್ರಹ ರಿಯಾಜ್-ಉಲ್-ಇನ್ಶಾ ಇಂದಿಗೂ ಉಳಿದಿದೆ. ಅವನನ್ನು ಕೊಂದದ್ದೂ ಒಂದು ಪತ್ರವೇ, ಅವನು ಬರೆಯದ ಪತ್ರ. ವಿರೋಧಿಗಳು ಅವನ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಒಡಿಶಾದ ರಾಜನಿಗೆ ದ್ರೋಹದ ಪತ್ರ ಬರೆದಂತೆ ತುಂಬಿಸಿದರು. ಸುಲ್ತಾನ ವಿಚಾರಣೆಯಿಲ್ಲದೆ 1481ರಲ್ಲಿ ತಲೆ ತೆಗೆಸಿದ. ಐದು ದಿನದಿಂದ ಮಾತಿನ ಬಗ್ಗೆ ತಲೆ ಕೆಡಿಸಿಕೊಂಡವನಿಗೆ ಇದು ಬೇರೆ ಲೋಕದ ಸುದ್ದಿಯಾಗಿ ಕೇಳಲಿಲ್ಲ. ಈ ಕಥೆಯನ್ನು ಬಿಸಿಲಲ್ಲಿ ನಿಂತು ನನಗೆ ಹೇಳಿದವನು ಗೆಳೆಯನೇ. ಹೇಳುವ ಹುರುಪಿನಲ್ಲಿ ನನ್ನನ್ನು ಏನೆಂದು ಕರೆಯಬೇಕೆಂಬುದು ಅವನಿಗೆ ಮರೆತಿತ್ತು. ಒಂದು ವಾಕ್ಯದಲ್ಲಿಯೂ ಸರ್ವನಾಮ ಬರಲಿಲ್ಲ.

ಅಷ್ಟೂರಿಗೆ ಆಟೋ. ಬಯಲಿನಲ್ಲಿ ಸಾಲಾಗಿ ಬಹಮನಿ ಗುಮ್ಮಟಗಳು. ಅದರಲ್ಲಿ ಹುಮಾಯೂನನದು ಸಿಡಿಲು ಬಡಿದು ಸೀಳಿ ನಿಂತಿದೆ, ಕೊಯ್ದ ಈರುಳ್ಳಿಯ ಹಾಗೆ ಒಳಗಿನ ಪದರಗಳೆಲ್ಲ ಕಾಣುತ್ತವೆ. ನಾವು ನೋಡಲು ಬಂದದ್ದು 1436ರಲ್ಲಿ ತೀರಿಕೊಂಡ ಅಹಮದ್ ಶಾಹ ವಲಿಯದು, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನದು. ಸುತ್ತಲಿನ ಹಳ್ಳಿಗಳ ಹಿಂದೂ ಭಕ್ತರಿಗೆ ಇವನೇ ಅಲ್ಲಮಪ್ರಭು. ಉರುಸಿಗೆ ಕಲಬುರಗಿ ಸೀಮೆಯಿಂದ ಜಂಗಮರೊಬ್ಬರು ಭಕ್ತರನ್ನು ಕರೆದುಕೊಂಡು ಬರುವ ವಾಡಿಕೆ ಹಿಂದಿನಿಂದ ನಡೆದಿದೆ. ಬಾಗಿಲಲ್ಲಿ ಕುಳಿತಿದ್ದ ಮುದುಕರಿಗೆ ನನ್ನ ಗೆಳೆಯ, ಇತಿಹಾಸ ವಿಭಾಗದ ಮಾನ ಉಳಿಸಲು, ‘ಚಾಚಾ, ಅಲ್ಲಮನಿಗೂ ಈ ಸುಲ್ತಾನನಿಗೂ ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಅಂತರವಿದೆಯಲ್ಲ?’ ಎಂದ.

‘ಲೆಕ್ಕ ನಿಮ್ಮದು ಬೇಟಾ’ ಎಂದರು ಚಾಚಾ, ‘ತೆಂಗಿನಕಾಯಿ ಅವರದು.’

ಒಳಗೆ ಕತ್ತಲೆ. ಬಾವಲಿಯ ವಾಸನೆ, ಊದುಬತ್ತಿಯ ವಾಸನೆ. ಗೋಡೆ, ಚಾವಣಿಯಲ್ಲೆಲ್ಲ ಚಿತ್ತಾರವಿದೆ ಎಂದು ಓದಿದ್ದೆವು. ಕಣ್ಣಿಗೆ ಕಂಡದ್ದು ಮಸಿ. ಚಾಚಾ ಮೂಲೆಯಿಂದ ಒಂದು ಹಳೆಯ ಕನ್ನಡಿ ತಂದರು, ಕ್ಷೌರದಂಗಡಿಯಲ್ಲಿರುವಂಥದ್ದು, ಒಂದು ಅಂಚು ಒಡೆದದ್ದು. ಬಾಗಿಲಲ್ಲಿ ಬಿಸಿಲಿಗೆ ಹಿಡಿದು ಒಳಗೆ ಬೆಳಕು ಎಸೆದರು. ಕತ್ತಲೆಯಲ್ಲಿ ಒಂದು ಕೆಂಪು ಚೌಕ ಎದ್ದಿತು, ಅದರೊಳಗೆ ಬಂಗಾರದ ಅಕ್ಷರ, ನೀಲಿ ಬಳ್ಳಿ. ಕಿರ್ಮಾನಿನ ಸೂಫಿ ಸಂತ ಶಾಹ ನಿಅಮತುಲ್ಲಾರ ಪಾರಸಿ ಪದ್ಯಗಳು ಇಲ್ಲಿವೆ. ನಮ್ಮಿಬ್ಬರಿಗೂ ಪಾರಸಿ ಬಾರದು. ಬೆಳಕು ಸರಿದಾಗ ಅಕ್ಷರ ಆರಿತು, ಪಕ್ಕದ್ದು ಹೊತ್ತಿತು. ಸ್ವಲ್ಪ ಹೊತ್ತಿಗೆ ಚಾಚಾನ ಕೈ ನೋಯತೊಡಗಿತೇನೋ, ಕನ್ನಡಿಯನ್ನು ಗೆಳೆಯನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕುಳಿತರು. ಅವನಿಗೆ ಅಭ್ಯಾಸವಿಲ್ಲ. ಬೆಳಕು ಗೋಡೆಯ ಮೇಲೆ ಕುಡಿದವನಂತೆ ಓಲಾಡಿತು, ನನ್ನ ಕಣ್ಣಿಗೆ ಹೊಡೆಯಿತು, ಕೊನೆಗೆ ಗುಮ್ಮಟದ ನಡುನೆತ್ತಿಗೆ ಹೋಗಿ ನಿಂತಿತು.

‘ನಿನಗೆ ಕಾಣುತ್ತಿದೆಯೇ?’ ಎಂದು ಬಾಗಿಲಿನಿಂದ ಕೂಗಿದ.

‘ಇನ್ನೊಂದಿಷ್ಟು ಎಡಕ್ಕೆ ತಿರುಗಿಸು’ ಎಂದೆ.